ಎತ್ತಿಗೆ ಸೋಮವಾರ, ಮನೆಯ ತಾಯಿಗೆ ಎಂದು?

ನಮ್ಮ ಭಾಗದ ಒಕ್ಕಲು ಮನೆತನಗಳಲ್ಲಿ ಸೋಮವಾರ ಎತ್ತುಗಳ ಹೆಗಲಿಗೆ ನೊಗವನ್ನು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಮುಂಗಾರು ಬಿತ್ತನೆಯ ಅವಸರದಲ್ಲಿಯೂ ಈ ನೇಮವನ್ನು ಮುರಿಯದ ಹಿರಿಯರನ್ನು ದೇವಿಕೊಪ್ಪದ ಸುತ್ತಿನಲ್ಲಿ ನಾನು ಕಂಡಿದ್ದೇನೆ. ದುಡಿಯುವ ಜೀವಕ್ಕೆ ವಿಶ್ರಾಂತಿಯು ಹಕ್ಕು ಎಂಬ ತಿಳಿವಳಿಕೆ ಈ ಆಚರಣೆಯಲ್ಲಿದೆ. ಆದರೆ ಅದೇ ಮನೆಯ ಮನುಷ್ಯರಿಗೆ ಅಂತಹ ವಾರ ಯಾವುದು?

ಕೆಲವು ವರ್ಷಗಳ ಹಿಂದೆ ನಲವತ್ತರ ಆಸುಪಾಸಿನ ತಾಯಿಯೊಬ್ಬರು ತಲೆನೋವು, ಮೈಕೈ ನೋವು ಹಾಗೂ ನಿದ್ರಾಹೀನತೆಗೆ ನನ್ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಎರಡು ತಿಂಗಳು ಕಷಾಯ, ತೈಲ ಕೊಟ್ಟರೂ ಗುಣ ಕಾಣಲಿಲ್ಲ. ಒಂದು ದಿನ ಕೇಳಿದೆ: “ಯವ್ವಾ, ದಿನದಾಗ ಸುಮ್ಮನ ಯಾವಾಗ ಕುಂದರ್ತೀ?” ಆಕೆ ನಕ್ಕು, “ಇಲ್ಲಿಗೆ ಬರೂ ಬಸ್ಸಿನ್ಯಾಗ ಕುಂತಿರ್ತೀನಲ್ರಿ, ಅಷ್ಟ ನೋಡ್ರಿ” ಎಂದರು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಎರಡು ತಿಂಗಳ ನಂತರ ಕೇಳಿದ್ದು ನನ್ನ ತಪ್ಪು.

ಶಾಸ್ತ್ರದ ಮಾತು

ಚರಕ ಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ದೇಹವನ್ನು ಹೊತ್ತ ಮೂರು ಉಪಸ್ತಂಭಗಳೆಂದು ಕರೆದಿದೆ. ತಡೆಯಬಾರದ 13 ವೇಗಗಳಲ್ಲಿ ಹಸಿವು, ನೀರಡಿಕೆಗಳ ಜೊತೆಗೆ ನಿದ್ರೆಯನ್ನೂ ಶ್ರಮದಿಂದ ಬಂದ ಏದುಸಿರನ್ನೂ ಸೇರಿಸಿದೆ. ನಿದ್ರೆಯನ್ನು ತಡೆದರೆ ಆಕಳಿಕೆ, ಮೈನೋವು, ತಲೆಯ ಬಾಧೆ, ಕಣ್ಣುಭಾರ ಉಂಟಾಗುತ್ತವೆ. ಏದುಸಿರನ್ನು ಹತ್ತಿಕ್ಕಿದರೆ ಹೃದಯಕ್ಕೆ ಕೇಡು ಎಂದು ಎಚ್ಚರಿಸಿದೆ. ಆ ತಾಯಿಯ ಲಕ್ಷಣಗಳಲ್ಲಿ ಹೆಚ್ಚಿನವು ಮೊದಲ ಪಟ್ಟಿಯಲ್ಲಿಯೇ ಇದ್ದವು.

ವ್ಯಾಯಾಮವನ್ನು ಕೂಡ ಅರ್ಧ ಶಕ್ತಿಯಷ್ಟೇ ಮಾಡಬೇಕೆಂಬುದು ಆಯುರ್ವೇದದ ನಿಯಮ. ಹಣೆ, ಕಂಕುಳಗಳಲ್ಲಿ ಬೆವರೊಡೆದು ಬಾಯಿ ಒಣಗಿದರೆ ಅದೇ ನಿಲ್ಲಿಸುವ ಗುರುತು. ಕಾಯಕಕ್ಕೂ ಮಿತಿಯುಂಟು. ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿ ಹಾಕಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಮಗೆಲ್ಲ ತಿಳಿದದ್ದೇ. ಅಗತ್ಯವನ್ನು ಮೀರಿದ ದುಡಿಮೆಯನ್ನು ಶರಣರು ಕೊಂಡಾಡಲಿಲ್ಲ.

ಬಿಡುವು ಮಾಡಿಕೊಳ್ಳುವ ಬಗೆ

1. ಮಧ್ಯಾಹ್ನ ಊಟದ ನಂತರ ಸ್ವಲ್ಪ ಹೊತ್ತು ಗೋಡೆಗೊರಗಿ ಕುಳಿತುಕೊಳ್ಳಿರಿ. ಕುಳಿತಲ್ಲಿಯೇ ತೂಕಡಿಕೆ ಬಂದರೆ ದೋಷವಿಲ್ಲ. ಹಗಲು ಮಲಗಿ ನಿದ್ರಿಸುವುದು ಬೇಸಿಗೆಯಲ್ಲಿ ಎಲ್ಲರಿಗೂ, ಮಕ್ಕಳು, ವೃದ್ಧರು, ಅಶಕ್ತರು ಹಾಗೂ ದಣಿದವರಿಗೆ ಎಲ್ಲ ಕಾಲಕ್ಕೂ ಸಮ್ಮತ. ಉಳಿದವರಿಗೆ ಅದು ಕಫವನ್ನು ಹೆಚ್ಚಿಸುತ್ತದೆ.

2. ಹೊಲಕ್ಕೆ ನೀರು ಹಾಯಿಸಲು ರಾತ್ರಿ ಎದ್ದವರು, ಕೆಟ್ಟ ನಿದ್ರೆಯ ಅರ್ಧದಷ್ಟನ್ನು ಮರುದಿನ ಬೆಳಿಗ್ಗೆ ಉಣ್ಣುವ ಮೊದಲು ಮಲಗಿ ತುಂಬಿಕೊಳ್ಳಬೇಕು. ಇದು ವಾಗ್ಭಟನ ಸಲಹೆ.

3. ಮಲಗುವ ಮುನ್ನ ಅಂಗಾಲುಗಳಿಗೆ ಎಳ್ಳೆಣ್ಣೆ ತಿಕ್ಕಿರಿ. ಮೊಬೈಲನ್ನು ಹಾಸಿಗೆಯಿಂದ ದೂರವಿಡಿರಿ. ಅದನ್ನು ನೋಡುತ್ತ ಮಲಗುವುದು ವಿಶ್ರಾಂತಿಯಲ್ಲ.

4. ವಿಶ್ರಮಿಸಿದರೂ ದಣಿವು ಹೋಗದಿದ್ದರೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆಗಳ ಪರೀಕ್ಷೆ ಮಾಡಿಸಿರಿ. ಎದೆನೋವು ಅಥವಾ ಉಸಿರುಗಟ್ಟುವಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ಆ ತಾಯಿಗೂ ಪರೀಕ್ಷೆಯಲ್ಲಿ ರಕ್ತಹೀನತೆ ಕಂಡುಬಂದಿತು. ಅದಕ್ಕೆ ಔಷಧ ಕೊಟ್ಟೆ. ಜೊತೆಗೆ ಪತಿಯನ್ನು ಕರೆಸಿ, “ಎತ್ತಿಗೆ ಕೊಡೂ ಸೋಮವಾರ ಈಕಿಗೂ ಕೊಡಪಾ” ಎಂದೆ. ಆತ ತಲೆ ತಗ್ಗಿಸಿದ. ಮುಂದೆ ಸೋಮವಾರ ಮಧ್ಯಾಹ್ನದ ಅಡುಗೆಯನ್ನು ಸೊಸೆ ಮತ್ತು ಮಗ ನೋಡಿಕೊಂಡರು. ನೋವು ಪೂರ್ತಿ ಹೋಗಲಿಲ್ಲವಾದರೂ ಮೂರು ತಿಂಗಳಲ್ಲಿ ನಿದ್ರೆ ಮರಳಿತು.

ಬಿಡುವು ತಾನಾಗಿ ಸಿಗುವುದಿಲ್ಲ. ಒಬ್ಬರಿಗೆ ಅದು ಸಿಗಬೇಕಾದರೆ ಮನೆಯ ಇನ್ನೊಬ್ಬರು ಎದ್ದು ನಿಲ್ಲಬೇಕು. ಈ ಸೋಮವಾರ ನಿಮ್ಮ ಮನೆಯಲ್ಲಿ ಯಾರು ಕುಳಿತಿಲ್ಲವೆಂಬುದನ್ನು ಒಮ್ಮೆ ನೋಡಿರಿ.