ಶಾಕಪ್‌ನ ಲೆಕ್ಕ ಟೈರಿನಲ್ಲಿ

ಖಾನಾಪುರದ ಇಟ್ಟಿಗೆ, ಹೆಂಚು ಹೇರಿಕೊಂಡು ಅನಮೋಡ ಘಟ್ಟ ಇಳಿದು ಗೋವಾಕ್ಕೆ ಹೋಗುವ ಒಂದು ಲಾರಿ ನಮ್ಮದು. ನೆಹರು ನಗರದ ಮನೆಯ ಕಂತು, ಮಕ್ಕಳ ಫೀ ಎಲ್ಲ ಅದರ ದುಡಿಮೆಯಲ್ಲೇ. 2023ರ ಬೇಸಿಗೆಯಲ್ಲಿ ಮುಂದಿನ ಎರಡೂ ಶಾಕಪ್‌ಗಳಿಂದ ಎಣ್ಣೆ ಸೋರತೊಡಗಿತು. ಹೊಸ ಜೋಡಿಗೆ ₹4,600. ನನ್ನ ಕೈಯಲ್ಲಿದ್ದದ್ದು ₹2,000. ಎಣ್ಣೆ ತುಂಬಿ, ಬಣ್ಣ ಬಳಿದ ಹಳೆಯ ಜೋಡಿಯನ್ನು ₹1,700ಕ್ಕೆ ತಂದೆ. ₹2,900 ಉಳಿಯಿತು ಅಂದುಕೊಂಡೆ.

ಐದು ತಿಂಗಳಿಗೆ, ಗಾಡಿ ಖಾಲಿ ಬರುವಾಗ ಸ್ಟೇರಿಂಗ್ ನಡುಗುತ್ತದೆ ಎಂದು ಡ್ರೈವರ್ ಹೇಳಿದ. ಮಿಸ್ತ್ರಿ ನನ್ನ ಕೈಯನ್ನು ಮುಂದಿನ ಟೈರಿನ ಮೇಲೆ ಆಡಿಸಿದರು. ಅಂಗೈಗೆ ತಗ್ಗು, ದಿಬ್ಬ, ಮತ್ತೆ ತಗ್ಗು. ತಲಾ ₹21,000ದ ಟೈರು, ಎರಡರದ್ದೂ ಅರ್ಧ ಆಯುಷ್ಯ ಹೋಗಿತ್ತು. ಉಳಿಸಿದ್ದು ₹2,900, ಕಳೆದದ್ದು ₹21,000.

“ಈ ಸಲ ದಪ್ಪನೆಯದೇ ಹಾಕೋಣ, ಭಾರ ತಡೀಲಿ” ಎಂದೆ.

“ಮಾಲಕರ, ಭಾರ ಹೊರೂದು ಪಾಟಾ. ಪಾಟಾದ ಕುಣಿತಾ ನಿಂದರಸೂದಷ್ಟ ಶಾಕಪ್ ಕೆಲಸ.”

ಪಾಟಾ ಅಂದರೆ ಲೀಫ್ ಸ್ಪ್ರಿಂಗ್. ಶಾಕಪ್ ಒಳಗಿನ ಪಿಸ್ಟನ್ ಸಣ್ಣ ತೂತುಗಳಲ್ಲಿ ಎಣ್ಣೆಯನ್ನು ನೂಕುತ್ತದೆ. ಕುಣಿತದ ಶಕ್ತಿ ಅಲ್ಲಿ ಶಾಖವಾಗಿ ಕರಗುತ್ತದೆ. ಶಾಕಪ್ ಸತ್ತರೆ ಗಾಲಿ ಎಗರಿ ಎಗರಿ ನೆಲಕ್ಕೆ ಬಡಿಯುತ್ತದೆ, ರಬ್ಬರು ಅಲ್ಲಲ್ಲಿ ಸವೆಯುತ್ತದೆ. ಗಾಡಿ ಖಾಲಿಯಿದ್ದಾಗ ಬಡಿತ ಇನ್ನೂ ಜೋರು.

ಈಗ ಕೊಳ್ಳುವಾಗ ಹಳೆಯದನ್ನು ಬಿಚ್ಚಿಸಿ ಅಂಗಡಿಗೆ ಒಯ್ಯುತ್ತೇನೆ. ಎಳೆದಾಗಿನ ಉದ್ದ, ಒತ್ತಿದಾಗಿನ ಉದ್ದ, ಬುಷ್ ಅಳತೆ, ಪಾರ್ಟ್ ನಂಬರ್ ನಾಲ್ಕೂ ಹೊಂದಬೇಕು. ಒಂದೇ ಕೆಟ್ಟಿದ್ದರೂ ಆ ಆಕ್ಸಲ್‌ನ ಜೋಡಿಯನ್ನೇ ಬದಲಿಸುತ್ತೇನೆ. ಕೂಡಿಸುವ ಮುಂಚೆ ನೆಟ್ಟಗೆ ಹಿಡಿದು ನಾಲ್ಕೈದು ಸಲ ಎಳೆದು ಒತ್ತಿದರೆ ಒಳಗಿನ ಗಾಳಿ ಹೋಗುತ್ತದೆ. ಪಕ್ಕಾ ಬಿಲ್ ಬಿಡುವುದಿಲ್ಲ. ವಾರಂಟಿ ಕೇಳಲು ಅದೇ ಆಧಾರ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು ₹4,000 ಆಗುವ ಜೋಡಿಗೆ ₹400 ಕಡಿಮೆ. ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ಅಂದು ನನಗೆ ಒಳ್ಳೆಯ ಮಾಲು ಯಾವುದೆಂದು ಗೊತ್ತಿತ್ತು, ದುಡ್ಡಿರಲಿಲ್ಲ. ಅದಕ್ಕೇ ಈಗ ಪ್ರತಿ ಟ್ರಿಪ್ಪಿನ ಬಾಡಿಗೆಯಲ್ಲಿ ₹100 ತೆಗೆದು ಬೇರೆ ಖಾತೆಗೆ ಹಾಕುತ್ತೇನೆ. ಐವತ್ತು ಟ್ರಿಪ್ಪಿಗೆ ಹೊಸ ಜೋಡಿಯ ಹಣ ಕೂಡಿರುತ್ತದೆ. ಗಾಡಿ ಮನೆಗೆ ಬಂದ ರಾತ್ರಿ ಮುಂದಿನ ಟೈರಿನ ಮೇಲೆ ಒಮ್ಮೆ ಅಂಗೈ ಆಡಿಸಿಯೇ ನಾನು ಊಟಕ್ಕೆ ಕೂಡುವುದು.