ಪಿಂಗ್ ಆದೇಶ: ಪ್ರತಿಧ್ವನಿಯ ಪಾಠದಿಂದ ಸರ್ವರ್‌ವರೆಗೆ

ಒಂಬತ್ತನೇ ತರಗತಿಯ ‘ಶಬ್ದ’ ಅಧ್ಯಾಯದಲ್ಲಿ ಸೋನಾರ್ ಬರುತ್ತದೆ. ಹಡಗಿನಿಂದ ಹೊರಟ ಶ್ರವಣಾತೀತ ತರಂಗ ಸಮುದ್ರತಳಕ್ಕೆ ಬಡಿದು ಹಿಂದಿರುಗುತ್ತದೆ. ಹಿಡಿದ ಕಾಲದಿಂದ ಆಳ ತಿಳಿಯುತ್ತದೆ. ಅಭ್ಯಾಸ ಬೋಧನೆಯಲ್ಲಿ ಈ ಅಧ್ಯಾಯದ ಬೆನ್ನಿಗೇ ಕಂಪ್ಯೂಟರ್ ಕೊಠಡಿಯಲ್ಲಿ ಒಂದು ಅವಧಿ ಸಿಕ್ಕಿದ್ದರಿಂದ ಪಿಂಗ್ ಆದೇಶವನ್ನು ಕಲಿಕಾಂಶವಾಗಿ ಆರಿಸಿಕೊಂಡೆ. ಈ ಹೊಂದಿಕೆ ನನ್ನ ಕಲ್ಪನೆಯಲ್ಲ. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಈ ಪ್ರೋಗ್ರಾಂ ಬರೆದು, ಸೋನಾರ್‌ನ ಸದ್ದನ್ನೇ ಅದಕ್ಕೆ ಹೆಸರಾಗಿಟ್ಟರು.

ಪ್ರವೇಶ ಹಂತದಲ್ಲಿ “ಸರ್ವರ್ ಇಲ್ಲ ಎಂಬ ಮಾತನ್ನು ಎಲ್ಲಿ ಕೇಳಿದ್ದೀರಿ?” ಎಂದು ಕೇಳಿದೆ. ಬ್ಯಾಂಕು, ರೇಷನ್ ಅಂಗಡಿ ಎಂದರು. “ನಮ್ಮಮ್ಮ ಕೂಲಿ ಬಿಟ್ಟು ಎರಡು ದಿನ ಹೋಗಿ ಬಂದ್ರು ಸರ್” ಎಂದಳು ಒಬ್ಬ ಹುಡುಗಿ. ಇಲ್ಲದ್ದು ಸರ್ವರೋ, ಅಂಗಡಿಯ ಇಂಟರ್‌ನೆಟ್ಟೋ? ಪಾಠದ ಪ್ರಶ್ನೆ ಅದೇ ಆಯಿತು.

ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಎಂದು ಟೈಪ್ ಮಾಡಿ, ಜಾಗ ಬಿಟ್ಟು ವಿಳಾಸ ಬರೆದರಾಯಿತು. ವಿಂಡೋಸ್ 32 ಬೈಟ್‌ನ ನಾಲ್ಕು ಕೋರಿಕೆ ಕಳಿಸಿ ನಿಲ್ಲುತ್ತದೆ. ಲಿನಕ್ಸ್ ಮಾತ್ರ ಕಂಟ್ರೋಲ್ ಜೊತೆ ಸಿ ಒತ್ತುವವರೆಗೂ ಕಳಿಸುತ್ತಲೇ ಇರುತ್ತದೆ. ಹತ್ತಿರದಿಂದ ದೂರಕ್ಕೆ ಹೋಗುವುದು ಒಳ್ಳೆಯದು. ಮೊದಲು 127.0.0.1, ಅಂದರೆ ನಮ್ಮದೇ ಯಂತ್ರ. ಆಮೇಲೆ ಕೊಠಡಿಯ ರೌಟರ್. ಅನಂತರ ಹೊರಗಿನ 8.8.8.8. ಕೊನೆಗೆ ಬೇಕಾದ ಸರ್ವರ್‌ನ ಹೆಸರು. ರೌಟರ್ ಉತ್ತರಿಸಿ, ಮುಂದಿನ ಯಾವುದೂ ಉತ್ತರಿಸದಿದ್ದರೆ ಶಾಲೆಯ ಸಂಪರ್ಕವನ್ನೇ ಮೊದಲು ಅನುಮಾನಿಸಬೇಕು. ಅಂಕಿಯ ವಿಳಾಸ ಉತ್ತರಿಸಿ, ಹೆಸರು ಸಿಗುತ್ತಿಲ್ಲ ಎಂದು ಪರದೆ ಹೇಳಿದರೆ ತೊಂದರೆ ಇರುವುದು ಹೆಸರನ್ನು ಅಂಕಿಯಾಗಿಸುವ ಡಿಎನ್‌ಎಸ್‌ನಲ್ಲಿ.

ಉತ್ತರಕ್ಕೆ 40 ಮಿಲಿಸೆಕೆಂಡ್ ಎಂದು ಬಂದಾಗ ಒಬ್ಬ ಹುಡುಗ ಸೋನಾರ್ ಸೂತ್ರವನ್ನೇ ಹಾಕಿದ. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಎಂದು ಕೊಟ್ಟೆ. ಹೋಗಿಬರಲು 8000, ಒಂದು ಕಡೆಗೆ 4000 ಕಿ.ಮೀ. ಲೆಕ್ಕ ಸರಿ, ಆದರೆ ಸರ್ವರ್ ಅಷ್ಟು ದೂರದಲ್ಲಿದೆ ಎಂದಲ್ಲ. ಕೇಬಲ್ ಸುತ್ತಿ ಬರುತ್ತದೆ, ದಾರಿಯ ರೌಟರ್‌ಗಳಲ್ಲೂ ಕಾಲ ಹೋಗುತ್ತದೆ. ಅದಕ್ಕಿಂತ ದೂರ ಇರಲಾರದು ಎಂದಷ್ಟೇ ಹೇಳಬಹುದು. ಈ ‘ಗರಿಷ್ಠ ಮಿತಿ’ಯ ಚರ್ಚೆಗೆ ಯೋಜನೆಯಲ್ಲಿದ್ದ ಐದು ನಿಮಿಷ ಸಾಲಲಿಲ್ಲ, ನಾನೂ ಅವಸರಿಸಲಿಲ್ಲ.

ಕಠಿಣಾಂಶ ಬೇರೆ ಇದೆ. ಉತ್ತರ ಬಂದರೆ ಆ ಯಂತ್ರ ಎಚ್ಚರವಾಗಿದೆ, ದಾರಿ ತೆರೆದಿದೆ. ಆದರೂ ಅದರ ಮೇಲಿನ ವೆಬ್ ಸೇವೆ ನಿಂತಿರಬಹುದು. ಉತ್ತರ ಬಾರದಿದ್ದರೆ? ಸರ್ವರ್ ಕೆಟ್ಟಿದೆ ಎನ್ನುವಂತಿಲ್ಲ. ಎಷ್ಟೋ ಕಡೆ ಫೈರ್‌ವಾಲ್‌ಗಳು ಪಿಂಗ್‌ಗೆ ಬಳಸುವ ಐಸಿಎಂಪಿ ಕೋರಿಕೆಯನ್ನು ಬೇಕೆಂದೇ ತಡೆಯುತ್ತವೆ. ಆಗ ಬ್ರೌಸರ್‌ನಲ್ಲಿ ಪುಟ ತೆರೆದು ನೋಡಬೇಕು, ಇಲ್ಲವೇ 443ನೇ ಪೋರ್ಟ್ ಪರೀಕ್ಷಿಸಬೇಕು.

ಮೌಲ್ಯಮಾಪನಕ್ಕೆ ಕೊಟ್ಟ ಪ್ರಶ್ನೆ: “ಪಿಂಗ್‌ಗೆ ಉತ್ತರವಿಲ್ಲ, ಪುಟ ತೆರೆಯುತ್ತಿದೆ. ಕಾರಣವೇನು?” ಆ ಹುಡುಗಿ ಬರೆದದ್ದು: “ಮನೆಯೊಳಗೆ ಇದ್ದಾರೆ, ಕೂಗಿದರೆ ಓಗೊಡುವುದಿಲ್ಲ, ಬಾಗಿಲು ತಟ್ಟಿದರೆ ತೆಗೆಯುತ್ತಾರೆ.” ಪೂರ್ಣ ಅಂಕ ಕೊಟ್ಟೆ.