ಹೊಳೆ ಎರಡು, ಹೊಲ ಒಣ

ಪ್ರಶ್ನೆ: ಕೃಷ್ಣೆ, ತುಂಗಭದ್ರೆ ಎರಡರ ನಡುವೆ ಇದ್ದರೂ ರಾಯಚೂರನ್ನು ಬರದ ಸೀಮೆ ಎನ್ನುತ್ತಾರೆ. ಅಂಥ ನೆಲಕ್ಕಾಗಿ ರಾಜರು ಅಷ್ಟೊಂದು ಕಾದಾಡಿದ್ದೇಕೆ?

ಉತ್ತರ: ಈ ಸೀಮೆಯ ಹಳೆಯ ಹೆಸರೇ ಎಡೆದೊರೆ ನಾಡು, ಅಂದರೆ ಎರಡು ತೊರೆಗಳ ನಡುವಿನದು. ಆದರೆ ಹೊಳೆಗಳು ಹರಿಯುವುದು ತಗ್ಗಿನಲ್ಲಿ, ಬಂಡೆಗಳ ನಡುವೆ. ಹೊಲಗಳಿರುವುದು ಮೇಲೆ. ಕಣ್ಣಿಗೆ ಕಾಣುವ ನೀರು ಹೊಲಕ್ಕೆ ಹತ್ತುತ್ತಿರಲಿಲ್ಲ. ರೈತರನ್ನು ಕಾಯ್ದದ್ದು ಎರೆ ಭೂಮಿ. ಮಳೆಗಾಲದ ಹಸಿಯನ್ನು ಅದು ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಜೋಳ ಆ ಹಸಿಯ ಮೇಲೆಯೇ ತೆನೆ ಕಟ್ಟುತ್ತದೆ. ಹತ್ತಿಗೂ ಇದೇ ನೆಲ ಬೇಕು.

ನೆಲದಡಿ ಚಿನ್ನವೂ ಇತ್ತು. ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ, ಪ್ರಾಚೀನರು ಅಗೆದ ಆಳವಾದ ಗುಂಡಿಗಳೂ ಅಲ್ಲಿ ಸಿಕ್ಕಿವೆ. 1915ರಲ್ಲಿ ಇದೇ ಜಿಲ್ಲೆಯ ಮಸ್ಕಿಯ ಬಂಡೆ ಶಾಸನವನ್ನು ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದನ್ನು ಹೆಸರು ಹಿಡಿದು ಹೇಳಿದ್ದು ಆ ಬಂಡೆ. ರಾಯಚೂರು ಜಿಲ್ಲೆಗೆ ಇದಕ್ಕಿಂತ ದೊಡ್ಡ ಹೆಮ್ಮೆ ಬೇರೊಂದಿಲ್ಲ ಎಂದು ನನಗನ್ನಿಸುತ್ತದೆ.

ಇನ್ನು ರಾಯಚೂರಿನ ಕೋಟೆ. ಅದರ ಗೋಡೆಯಲ್ಲಿ ನಲವತ್ತು ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿನ ಮೇಲೆ 1294ರ ಶಾಸನವಿದೆ. ಹೋದವರು ಅದರ ಹತ್ತಿರದ ಗೀಚುಚಿತ್ರವನ್ನು ನೋಡದೆ ಬರಬೇಡಿ: ಅದೇ ಕಲ್ಲನ್ನು ಬಂಡಿಯ ಮೇಲೆ ಹೇರಿ, ಕೋಣಗಳ ಸಾಲು ಹೂಡಿ ಎಳೆದುತಂದ ದೃಶ್ಯ ಅಲ್ಲಿದೆ. ವಿಜಯನಗರಕ್ಕೂ ಬಹಮನಿಗಳಿಗೂ, ಆಮೇಲೆ ಬಿಜಾಪುರದವರಿಗೂ ಈ ಕೋಟೆ ಗಡಿಯ ಬಾಗಿಲಾಗಿತ್ತು. ಅದನ್ನು ಹಿಡಿದವರ ಕೈಗೆ ಸುತ್ತಲಿನ ಕಂದಾಯವೂ ಬರುತ್ತಿತ್ತು. 1520ರಲ್ಲಿ ಕೃಷ್ಣದೇವರಾಯ ಅದನ್ನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಂದ ಗೆದ್ದುಕೊಂಡ.

ಹೊಳೆಯ ನೀರು ಹೊಲಕ್ಕೆ ಹತ್ತಿದ್ದು 1953ರಲ್ಲಿ ತುಂಗಭದ್ರಾ ಅಣೆಕಟ್ಟು ನೀರು ಬಿಟ್ಟ ಮೇಲೆ. ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಅದನ್ನು ಯೋಜಿಸಿದ್ದು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ. ಆದರೆ ಕರಾವಳಿ ಆಂಧ್ರದಿಂದ ಬಂದು ‘ಕ್ಯಾಂಪ್’ಗಳನ್ನು ಕಟ್ಟಿಕೊಂಡ ರೈತರು ಭತ್ತ ಹಾಕಿದರು, ನೋಡನೋಡುತ್ತ ಗಂಗಾವತಿ, ಸಿಂಧನೂರು ಭತ್ತದ ಕಣಜವಾದವು. ರಾಯಚೂರು ಇರುವುದು ಕಾಲುವೆಯ ಕೊನೆಯಲ್ಲಿ. ಮೇಲಿನವರ ಗದ್ದೆ ತುಂಬಿದ ಮೇಲೆ ಉಳಿದಷ್ಟೇ ಇಲ್ಲಿಗೆ. ಸಾಲದ್ದಕ್ಕೆ ಹೂಳು ತುಂಬಿ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. ಎರಡು ಹೊಳೆಗಳ ನಡುವಿದ್ದೂ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗೆ ಇಳಿಯುವುದು ಇದಕ್ಕೇ.